ಗರಿಕೆ ಸಿಗದ ಹಸಿರು

ಅಣ್ಣನ ಬಲಗೈ ತೋರುಬೆರಳಿನ ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದಿಷ್ಟು ಹಸಿರು ಇರುತ್ತಿತ್ತು. ಸೀಗೆಪುಡಿ ಹಾಕಿ ಉಜ್ಜಿದರೂ ಹೋಗದು. ಹೊಸದಾಗಿ ಬಂದ ನೆಂಟರು ಯಾರಾದರೂ ‘ಏನು, ತೋಟದ ಕೆಲಸ ಜೋರೋ?’ ಎಂದರೆ ಅಮ್ಮ ಅಡುಗೆಮನೆಯಿಂದಲೇ, ‘ಹೂಂ, ಊರಿಗೆಲ್ಲ ತೋಟ ಹಾಕ್ತಾರೆ. ಮನೆ ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ ನೆಟ್ಟವರಲ್ಲ’ ಎನ್ನುತ್ತಿದ್ದಳು.

ಅಣ್ಣ ಅಂದರೆ ನಮ್ಮಪ್ಪ. ನಗರ ಯೋಜನೆಯ ಕಚೇರಿಯೊಂದರಲ್ಲಿ ಟ್ರೇಸರ್ ಆಗಿ ಸೇರಿ ಡ್ರಾಫ್ಟ್ಸ್‌ಮನ್ ಆಗಿ ನಿವೃತ್ತರಾದವರು. ಬೆಂಗಳೂರಿನ 1972ರ ಔಟ್‌ಲೈನ್ ಪ್ಲಾನಿಗೂ ಬಣ್ಣ ತುಂಬಿದ್ದರು, 1984ರ ಸಮಗ್ರ ಅಭಿವೃದ್ಧಿ ಯೋಜನೆಗೂ (ಸಿ.ಡಿ.ಪಿ.) ತುಂಬಿದ್ದರು. ಕಂಪ್ಯೂಟರ್ ಬರುವ ಮುಂಚಿನ ಕಾಲ. ಟ್ರೇಸಿಂಗ್ ಬಟ್ಟೆಯ ಮೇಲೆ ಗೆರೆ, ಅದರಿಂದ ಅಮೋನಿಯಾ ಪ್ರಿಂಟು, ಪ್ರಿಂಟಿನ ಮೇಲೆ ಕೈಯಲ್ಲಿ ಬಣ್ಣ. ವಾಸದ ಮನೆಗಳಿಗೆ ಹಳದಿ, ಅಂಗಡಿ ಮುಂಗಟ್ಟಿಗೆ ನೀಲಿ, ಕಾರ್ಖಾನೆಗೆ ನೇರಳೆ, ಶಾಲೆ ಆಸ್ಪತ್ರೆ ಸರ್ಕಾರಿ ಕಚೇರಿಗೆ ಕೆಂಪು, ಪಾರ್ಕು ಮೈದಾನಕ್ಕೆ ಹಸಿರು. ಸಂಜೆ ಮನೆಗೆ ಬಂದರೆ ಅಂಗಿಯಿಂದ ಅಮೋನಿಯಾದ ಘಾಟು ಹೊಡೆಯುತ್ತಿತ್ತು. ‘ಹಳದಿ ಎಷ್ಟು ತಂದರೂ ಸಾಲದು ಮಗೂ. ಹಸಿರು ಪೆನ್ಸಿಲ್ ಮಾತ್ರ ವರ್ಷಗಟ್ಟಲೆ ಬರುತ್ತೆ’ ಎನ್ನುತ್ತಿದ್ದರು. ‘ಮತ್ತೆ ಉಗುರಲ್ಲಿ ಅದೇ ಬಣ್ಣ ಯಾಕಿದೆ?’ ಎಂದು ಕೇಳಿದ್ದೆ. ‘ಇರೋದು ಸ್ವಲ್ಪ. ಅದಕ್ಕೇ ಬೆರಳಲ್ಲಿ ಒರೆಸಿ ಒರೆಸಿ ಹರಡ್ತೀನಿ’ ಎಂದಿದ್ದರು. ತಮಾಷೆಗೆ ಹೇಳಿದರೋ ನಿಜಕ್ಕೋ ಆಗ ತಿಳಿಯಲಿಲ್ಲ.

ನಾವು ಬಡಾವಣೆಯ ಮನೆಗೆ ಬಂದದ್ದು 1969ರಲ್ಲಿ, ನನಗಾಗ ಎಂಟು ವರ್ಷ. ಬೆಂಗಳೂರಿನ ದಕ್ಷಿಣದ ಅಂಚು ಅದು. ಸಿಟಿ ಬಸ್ಸು ನಮ್ಮ ರಸ್ತೆಯ ಮೂಲೆಯಲ್ಲಿ ಮುಖ ತಿರುಗಿಸಿ ವಾಪಸ್ಸು ಹೊರಡುತ್ತಿತ್ತು, ಮುಂದೆ ಹೋಗಲು ಊರೇ ಇಲ್ಲ ಎನ್ನುವಂತೆ. ರಸ್ತೆ ಮುಗಿದಲ್ಲಿಂದ ಬಯಲು.

ಬಯಲು ಎಂದರೆ ಚಪ್ಪಟೆಯಾದದ್ದು ಎಂದುಕೊಳ್ಳಬೇಡಿ. ನಡುವೆ ಆನೆ ಮಲಗಿದಂಥ ಒಂದು ಬಂಡೆ, ಅದರ ಬೆನ್ನಿನ ಮೇಲೆ ಮಳೆನೀರು ನಿಲ್ಲುವ ಎರಡು ದೊಣೆ. ಮೂರು ಹುಣಸೆಮರ. ಸುತ್ತ ಎಕ್ಕ, ತುಂಬೆ, ಉತ್ತರಾಣಿ, ಸೀರೆಯ ಅಂಚಿಗೆ ಅಂಟಿಕೊಂಡು ಮನೆವರೆಗೂ ಬರುವ ಬಗೆಬಗೆಯ ಮುಳ್ಳುಬೀಜ. ಬೇಸಿಗೆಯಲ್ಲಿ ಬಂಡೆಯ ಮೇಲೆ ಬೀದಿಯ ಹೆಂಗಸರೆಲ್ಲ ಹಳೇ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದರು. ಕಾಗೆ ಕಾಯುವುದು ಮಕ್ಕಳ ಪಾಲಿನ ಕೆಲಸ. ಕರೀ ಛತ್ರಿ ಬಿಡಿಸಿಟ್ಟರೆ ಕಾಗೆ ಬರದು ಎಂಬುದು ಅಮ್ಮನ ನಂಬಿಕೆ. ಕಾಗೆಗಳು ಛತ್ರಿಯ ಮೇಲೇ ಕೂತು ಸಂಡಿಗೆ ತಿಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಹೇಳಿಲ್ಲ. ಆಷಾಢದ ಗಾಳಿಗೆ ಗಂಡುಹುಡುಗರ ಗಾಳಿಪಟ. ವರ್ಷಕ್ಕೊಮ್ಮೆ ದೊಂಬರು ಬಂದು ಹುಣಸೆಮರಕ್ಕೆ ಹಗ್ಗ ಬಿಗಿದು ಆಡುತ್ತಿದ್ದರು. ಕೋಲೆ ಬಸವನವನು ಬಿಸಿಲು ತಗ್ಗುವವರೆಗೆ ಎತ್ತಿನ ಜೊತೆ ಅಲ್ಲೇ ಒರಗುತ್ತಿದ್ದ. ನಸುಕಿನಲ್ಲಿ ತಂಬಿಗೆ ಹಿಡಿದು ‘ಬಯಲಿಗೆ ಹೋಗುವವರೂ’ ಇದ್ದರು. ಅದನ್ನು ಬಿಟ್ಟು ಬರೆದರೆ ನೆನಪಿಗೆ ಸುಣ್ಣ ಬಳಿದಂತಾಗುತ್ತದೆ.

ಭಾದ್ರಪದ ಬಂತೆಂದರೆ ಬಯಲು ಸಂಪೂರ್ಣ ನನ್ನದು. ಚೌತಿಯ ಬೆಳಗ್ಗೆ ಅಮ್ಮ ಒಂದು ಬಿದಿರು ಬುಟ್ಟಿ ಕೊಟ್ಟು ಕಳಿಸುತ್ತಿದ್ದಳು. ಗರಿಕೆ ಬೇಕು, ಮೂರೆಸಳಿಂದೇ ಆಗಬೇಕು, ಇಪ್ಪತ್ತೊಂದಕ್ಕೆ ಒಂದೂ ಕಡಿಮೆಯಾಗಬಾರದು. ಜೊತೆಗೆ ಸಿಕ್ಕಷ್ಟು ಪತ್ರೆ: ಉತ್ತರಾಣಿ, ಎಕ್ಕ, ತುಂಬೆ. ಇಬ್ಬನಿಯಲ್ಲಿ ಲಂಗ ಮೊಳಕಾಲವರೆಗೂ ನೆನೆದು ತಣ್ಣಗೆ ಅಂಟಿಕೊಳ್ಳುತ್ತಿತ್ತು. ಬಂಡೆಯ ಬುಡದಲ್ಲಿ, ನೀರು ಜಿನುಗುವ ಕಡೆ, ಗರಿಕೆ ಎಷ್ಟು ದಟ್ಟವಾಗಿರುತ್ತಿತ್ತೆಂದರೆ ಇಪ್ಪತ್ತೊಂದು ಎಣಿಸುವಷ್ಟರಲ್ಲಿ ಕೈಯಲ್ಲಿ ಐವತ್ತಾಗಿರುತ್ತಿತ್ತು. ರಥಸಪ್ತಮಿಗೆ ತಲೆ, ಭುಜಗಳ ಮೇಲಿಟ್ಟು ನೀರು ಹುಯ್ದುಕೊಳ್ಳುವ ಏಳು ಎಕ್ಕದ ಎಲೆ ಕೂಡ ಅಲ್ಲಿಂದಲೇ. ಹೀಗೆ ನಮ್ಮ ಪಂಚಾಂಗದ ಅರ್ಧ ಸಾಮಾನು ಆ ಬಯಲಲ್ಲಿ ತಾನಾಗಿಯೇ ಬೆಳೆಯುತ್ತಿತ್ತು. ಯಾರೂ ನೆಟ್ಟದ್ದಲ್ಲ, ಯಾರೂ ನೀರು ಹಾಕಿದ್ದಲ್ಲ.

ಒಂದು ಭಾನುವಾರ ಅಣ್ಣ ಬಡಾವಣೆಯ ನಕ್ಷೆಯ ಪ್ರಿಂಟೊಂದನ್ನು ಸುರುಳಿ ಸುತ್ತಿ ತಂದು ಬಂಡೆಯ ಮೇಲೆ ಹರಡಿದರು. ನಾಲ್ಕು ಮೂಲೆಗೆ ನಾಲ್ಕು ಕಲ್ಲು. ‘ನಾವೀಗ ಎಲ್ಲಿ ಕೂತಿದ್ದೀವಿ ಹುಡುಕು ನೋಡೋಣ’ ಎಂದರು. ಹಳದಿ ಚೌಕಗಳ ಸಾಲಿನ ಕೊನೆಯಲ್ಲಿ ಅವರ ಕಿರುಬೆರಳಿನ ಉಗುರಿನಷ್ಟು ಹಸಿರು ಇತ್ತು. ‘ಬಂಡೆ ಎಲ್ಲಿ? ಹುಣಸೆಮರ?’ ಎಂದೆ. ‘ಅದೆಲ್ಲ ನಕ್ಷೇಲಿ ಬರಲ್ಲಮ್ಮ. ಇಷ್ಟು ಜಾಗ ಪಾರ್ಕಿಗೆ ಅಂತ ಬರೆದಿದೆ. ಇಲ್ಲಿ ಯಾರೂ ಮನೆ ಕಟ್ಟೋ ಹಾಗಿಲ್ಲ. ನಾಳೆ ನಿನ್ನ ಮಕ್ಕಳು ಬಂದರೂ ಇದು ಹೀಗೇ ಇರುತ್ತೆ’ ಎಂದರು.

ಅಲ್ಲಿ ಮೇಕೆ ಬಿಟ್ಟುಕೊಂಡು ಕೂತಿರುತ್ತಿದ್ದ ಒಬ್ಬ ಅಜ್ಜಿ, ಬಡಾವಣೆಯ ಹೊಟ್ಟೆ ಸೇರಿದ ಹಳೇ ಹಳ್ಳಿಯವಳು, ಬಗ್ಗಿ ನಕ್ಷೆ ನೋಡಿ ಬೊಚ್ಚುಬಾಯಿ ತೆರೆದು ನಕ್ಕಳು. ‘ಪಾರ್ಕಂತೆ! ಇದು ನಮ್ಮೂರ ಗುಂಡುತೋಪು ಕಣಪ್ಪ. ಅಗೋ ಆಚೆದು ಗೋಮಾಳ. ನಿಮ್ಮ ಹಳದಿ ಮನೆಗಳೆಲ್ಲ ಅದರ ಮೇಲೇ ಕುಂತವೆ.’

ಅಣ್ಣನ ಮುಖ ಸಣ್ಣಗಾದದ್ದು ನೆನಪಿದೆ. ಆಮೇಲೆ ಅವರೇ ವಿವರಿಸಿದ್ದರು. ಊರಿಗೆ ಖಾಲಿ ಜಾಗ ಬೇಕು ಎಂಬುದು ಇವರ ಕಚೇರಿ ಕಂಡುಹಿಡಿದ ವಿದ್ಯೆಯೇನಲ್ಲ. ದನ ಮೇಯಲು ಗೋಮಾಳ, ದಾರಿಹೋಕರ ನೆರಳಿಗೆ ಗುಂಡುತೋಪು, ಕೆರೆಯಂಗಳ, ಕಾಲುವೆ, ಬಂಡಿದಾರಿ, ಸ್ಮಶಾನ ಎಲ್ಲವೂ ಹಳ್ಳಿಯ ಲೆಕ್ಕದಲ್ಲಿ ಮೊದಲೇ ಇದ್ದವು. ಯಾರ ಪಟ್ಟಾಗೂ ಸೇರದೆ ಸಾರ್ವಜನಿಕರಿಗೆಂದು ಉಳಿದದ್ದನ್ನು ‘ಬಿ ಖರಾಬು’ ಎಂದು ಪಹಣಿಯಲ್ಲಿ ಬರೆಯುತ್ತಿದ್ದರು. ನಮ್ಮ ಭೂಕಂದಾಯ ನಿಯಮಗಳಲ್ಲಿ ನೂರು ರಾಸಿಗೆ 12 ಹೆಕ್ಟೇರ್‌ನಂತೆ ಗೋಮಾಳ ಬಿಡಬೇಕೆಂಬ ಮಾತಿದೆ. ಬೆಂಗಳೂರಿನ ರಾಸುಗಳನ್ನು ಯಾರು ಎಣಿಸಿದರು? ದನ ಹೋದ ಮೇಲೆ ಗೋಮಾಳ ಯಾಕೆ ಎಂಬ ವಾದ ಎಷ್ಟು ಸಲೀಸು! ಜನ ಬಂದರಲ್ಲ, ಅವರಿಗೆ ನೂರಕ್ಕೆ ಎಷ್ಟು ಎಂದು ಅದೇ ಉಸಿರಿನಲ್ಲಿ ಯಾರೂ ಕೇಳುವುದಿಲ್ಲ.

ಕೇಳಿದವರು ಇಲ್ಲವೆಂದಲ್ಲ. 1976ರ ಬಿ.ಡಿ.ಎ. ಕಾಯ್ದೆಯಲ್ಲಿ ನೂರು ಎಕರೆ ಬಡಾವಣೆ ಮಾಡಿದರೆ 15 ಎಕರೆಗೆ ಕಡಿಮೆಯಿಲ್ಲದಷ್ಟು ಉದ್ಯಾನ-ಮೈದಾನಕ್ಕೆ, ಅದಲ್ಲದೆ ಇನ್ನೂ 10 ಎಕರೆ ನಾಗರಿಕ ಸೌಲಭ್ಯಕ್ಕೆ ಬಿಡಬೇಕೆಂದಿದೆ. ಅದನ್ನೇ ನಾವು ಸಿ.ಎ. ಸೈಟು ಎನ್ನುವುದು. ಕಬ್ಬನ್ ಪಾರ್ಕಿಗೂ ಲಾಲ್‌ಬಾಗಿಗೂ 1975ರಲ್ಲೇ ಕಾಯ್ದೆಯ ಬೇಲಿ ಬಿತ್ತು. ಉಳಿದ ಸಣ್ಣಪುಟ್ಟ ಪಾರ್ಕು, ಆಟದ ಬಯಲು, ತೆರೆದ ಜಾಗಗಳಿಗೆಂದು 1985ರಲ್ಲಿ ಇನ್ನೊಂದು. 1984ರ ಯೋಜನೆಯಲ್ಲಂತೂ ಊರಿನ ಸುತ್ತ ಹಸಿರು ಪಟ್ಟಿಯನ್ನೇ ಎಳೆದರು. ಅಣ್ಣ ಆ ತಿಂಗಳುಗಳಲ್ಲಿ ಎರಡೂ ಕೈಯ ಉಗುರು ಹಸಿರು ಮಾಡಿಕೊಂಡು ಬರುತ್ತಿದ್ದರು. ಬೆಂಗಳೂರು ನಡುವೆ ಹಳದಿ ಭಂಡಾರದಂತೆ, ಸುತ್ತ ಬಾಳೆಎಲೆಯಂತೆ ಹಸಿರು ಎಂದು ಅಮ್ಮನಿಗೆ ವರ್ಣಿಸುತ್ತಿದ್ದರು. ಅಷ್ಟು ಖುಷಿಯಾಗಿದ್ದದ್ದನ್ನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಯೋಜನೆಯನ್ನು ಪರಿಷ್ಕರಿಸಿದಾಗಲೆಲ್ಲ ನಡುವಿನ ಹಳದಿ ಹಿಗ್ಗಿತು, ಸುತ್ತಲಿನ ಎಲೆ ಕುಗ್ಗಿತು. ‘ನಿಮ್ಮ ಜಮೀನು ಗ್ರೀನ್ ಬೆಲ್ಟೋ, ಯೆಲ್ಲೋ ಝೋನೋ?’ ಎನ್ನುವುದು ಗಂಡು-ಹೆಣ್ಣಿನ ಮಾತುಕತೆಯಲ್ಲಿ ಗೋತ್ರದ ಪಕ್ಕದ ಪ್ರಶ್ನೆಯಾಯಿತು.

ಹಸಿರು ಬಳಿದ ಮಾತ್ರಕ್ಕೆ ಉಳಿಯುವುದಿಲ್ಲ ಎಂಬ ಗುಟ್ಟು ಅಣ್ಣನಿಗೆ ಎಲ್ಲರಿಗಿಂತ ಮೊದಲೇ ಗೊತ್ತಿತ್ತು. ಖಾಸಗಿಯವರ ಜಮೀನಿಗೆ ಪಾರ್ಕೆಂದು ಬಣ್ಣ ಹಚ್ಚಿ ಐದು ವರ್ಷದೊಳಗೆ ಅದನ್ನು ವಶಕ್ಕೆ ಪಡೆಯುವ ಕೆಲಸ ಶುರುವಾಗದಿದ್ದರೆ ಆ ಮೀಸಲು ಬಿದ್ದುಹೋಗುತ್ತದೆಂದು ನಗರ ಯೋಜನಾ ಕಾಯ್ದೆಯಲ್ಲೇ ಇದೆ. ಸರ್ಕಾರ ಅವಧಿ ವಿಸ್ತರಿಸಿದರೆ ಇನ್ನಷ್ಟು ದಿನ, ಅಷ್ಟೆ. ‘ಹಸಿರು ಒಣಗಿತು’ ಎನ್ನುತ್ತಿದ್ದರು ಅಣ್ಣ. ಲ್ಯಾಂಡ್ ಯೂಸ್ ಬದಲಾವಣೆಗೆ ಆಕ್ಷೇಪಣೆ ಇದ್ದರೆ ತಿಳಿಸಿ ಎಂದು ಪತ್ರಿಕೆಯ ಮೂಲೆಯಲ್ಲಿ ಸಾಸಿವೆಯಷ್ಟು ಅಕ್ಷರದ ಪ್ರಕಟಣೆಗಳು ಬರುತ್ತವಲ್ಲ, ಬೆಳಗಿನ ಕಾಫಿಗೆ ಅವರು ಮೊದಲು ಓದುತ್ತಿದ್ದದ್ದು ಅವನ್ನೇ, ಭೂತಗನ್ನಡಿ ಹಿಡಿದು. ಸರ್ವೆ ನಂಬರುಗಳನ್ನು ಮಣಮಣ ಎಂದು ಓದಿಕೊಳ್ಳುತ್ತಿದ್ದರೆ ಅಮ್ಮ ‘ಸಹಸ್ರನಾಮ ಶುರುವಾಯ್ತು’ ಎನ್ನುತ್ತಿದ್ದಳು.

ನಮ್ಮ ಬಯಲಿಗೆ ಕಂಟಕ ಬಂದದ್ದು 1987ರ ಸುಮಾರಿಗೆ. ಅಲ್ಲೊಂದು ಕಲ್ಯಾಣ ಮಂಟಪ ಬರುತ್ತದಂತೆ, ದೊಡ್ಡವರೊಬ್ಬರ ಕಣ್ಣು ಬಿದ್ದಿದೆಯಂತೆ ಎಂಬ ಸುದ್ದಿ. ಸರ್ಕಾರಿ ನೌಕರರಾದ ಅಣ್ಣ ಸಹಿ ಹಾಕುವಂತಿಲ್ಲ. ರಾತ್ರಿ ಕೂತು ಅರ್ಜಿ ಬರೆದುಕೊಟ್ಟರು, ಅಮ್ಮ ಮೊದಲ ಸಹಿ ಹಾಕಿದಳು. ಪ್ರತಿ ಅಕ್ಷರವೂ ಸ್ಟೆನ್ಸಿಲ್ ಇಟ್ಟು ಬರೆದಂತಿದ್ದ ಆ ಅರ್ಜಿಯನ್ನು ನೋಡಿದವರಿಗೆ ಬರೆದದ್ದು ಯಾರೆಂದು ತಿಳಿಯದೇ ಇರುತ್ತದೆಯೇ? ಯಾರೂ ಬಾಯಿ ಬಿಡಲಿಲ್ಲ. ಬೀದಿಯ ನಲವತ್ತು ಮನೆಯವರು ಓಡಾಡಿದರು. ಮಂಟಪ ಬರಲಿಲ್ಲ.

ನಾಲ್ಕು ವರ್ಷದ ಮೇಲೆ, 1991ರಲ್ಲಿ, ಸುಪ್ರೀಂ ಕೋರ್ಟಿನ ಆ ತೀರ್ಪು ಬಂತು. ಸದಾಶಿವನಗರದ ಕಡೆ, ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು 1976ರಲ್ಲಿ ಮೇಲಿನವರ ಆದೇಶದ ಮೇಲೆ ಖಾಸಗಿ ನರ್ಸಿಂಗ್ ಹೋಮ್ ಕಟ್ಟಲು ಒಂದು ಟ್ರಸ್ಟಿಗೆ ಕೊಟ್ಟಿದ್ದರು. ಬಿ.ಎಸ್. ಮುದ್ದಪ್ಪ ಮತ್ತಿತರ ನಿವಾಸಿಗಳು ಕೋರ್ಟಿಗೆ ಹೋದರು. ಪಾರ್ಕೂ ಆಸ್ಪತ್ರೆಯೂ ಎರಡೂ ಸಾರ್ವಜನಿಕರಿಗೇ ತಾನೇ, ಏನು ನಷ್ಟ ಎಂಬುದು ಆ ಕಡೆಯ ವಾದ. ಜನರಿಗೆಂದು ತೆರೆದಿಟ್ಟ ಜಾಗವನ್ನು ಹಾಗೆ ಪರಭಾರೆ ಮಾಡಲು ಬರುವುದಿಲ್ಲ, ಬೀದಿಯ ನಿವಾಸಿಗೂ ಪ್ರಶ್ನಿಸುವ ಹಕ್ಕಿದೆ ಎಂದು ಕೋರ್ಟು ಹೇಳಿತು. ಅಣ್ಣ ಆ ಸುದ್ದಿಯನ್ನು ಬ್ಲೇಡಿನಲ್ಲಿ ಸ್ಕೇಲಿಟ್ಟು ಕತ್ತರಿಸಿ, ಮನೆಯ ಕ್ರಯಪತ್ರದ ಜೊತೆ ಬೀರುವಿನಲ್ಲಿಟ್ಟರು. ‘ಪಾರ್ಕು ಅಂದರೆ ಪಾರ್ಕೇ’ ಎಂದು ಎಷ್ಟೋ ದಿನ ಹೇಳಿಕೊಂಡು ಓಡಾಡಿದರು.

ಬಯಲಿಗೆ ಮೊದಲು ತಂತಿಬೇಲಿ ಬಂತು. ಒತ್ತುವರಿಯಾಗದಿರಲಿ ಎಂದು ನಾವೇ ಕೇಳಿ ಹಾಕಿಸಿಕೊಂಡದ್ದು. ಮೇಕೆಗಳು ಎರಡು ದಿನ ಬೇಲಿಯ ಹೊರಗೆ ಅರಚಿ ಹೋದವು. ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದಳು. 2003ರಲ್ಲಿ ಅಭಿವೃದ್ಧಿ ಬಂತು. ನಾನು ಗಂಡನ ಕೆಲಸದ ಮೇಲೆ ಊರೂರು ತಿರುಗಿ, ಬೇಸಿಗೆಗೆ ಮಕ್ಕಳ ಜೊತೆ ತವರಿಗೆ ಬಂದಿದ್ದೆ. ಬೆಳಗ್ಗೆ ಢಮ್ ಎಂಬ ಸದ್ದಿಗೆ ಪಾತ್ರೆಗಳೆಲ್ಲ ನಡುಗಿದವು. ಬಂಡೆ ಒಡೆಯುತ್ತಿದ್ದರು. ಲಾಲ್‌ಬಾಗಿನ ಬಂಡೆಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಫಲಕವಿದೆ. ನಮ್ಮದೂ ಅದೇ ಜಾತಿಯ ಕಲ್ಲು, ಫಲಕ ಇರಲಿಲ್ಲ. ಒಡೆದ ಚೂರುಗಳನ್ನೇ ಪಾರ್ಕಿನ ಅಂಚಿಗೆ ಕಟ್ಟಿದರು. ಹುಣಸೆಮರದ ಕೆಳಗೆ ಹುಲ್ಲು ಬೆಳೆಯುವುದಿಲ್ಲವೆಂದು ಎರಡನ್ನು ಕಡಿದರು. ಜೆಸಿಬಿ ಮೂರು ದಿನ ಓಡಾಡಿ ಉಬ್ಬುತಗ್ಗನ್ನೆಲ್ಲ ಒಂದು ಮಾಡಿತು.

ಈಗ ಅಲ್ಲಿ ಇಂಟರ್‌ಲಾಕ್ ಕಲ್ಲಿನ ನಡಿಗೆದಾರಿ, ಉರುಳೆಯಲ್ಲಿ ತಂದು ಹಾಸಿದ ಹುಲ್ಲು, ಸಿಮೆಂಟಿನ ಜಿಂಕೆ, ನೀರು ಚಿಮ್ಮದ ಕಾರಂಜಿ, ನೀಲಿ-ಹಳದಿ ಬಣ್ಣದ ಕಸರತ್ತಿನ ಯಂತ್ರಗಳು. ಗೇಟು ತೆರೆಯುವುದು ಬೆಳಗ್ಗೆ ಐದಕ್ಕೆ. ಬೋರ್ಡಿನಲ್ಲಿ ನಿಷೇಧಗಳ ಪಟ್ಟಿ: ಚೆಂಡಾಟ ಆಡಬಾರದು, ಹುಲ್ಲಿನ ಮೇಲೆ ನಡೆಯಬಾರದು, ತಿಂಡಿ ತಿನ್ನಬಾರದು, ಹೂ ಎಲೆ ಕೀಳಬಾರದು. ಇನ್ನು ಸಂಡಿಗೆಯ ಮಾತೆಲ್ಲಿ!

‘ಏನಣ್ಣ ಇದು, ನಿಮ್ಮ ಬಯಲು ಹೋಯಿತಲ್ಲ’ ಎಂದೆ. ಅವರಿಗೆ ಸಿಟ್ಟೇ ಬಂತು. ‘ಎಲ್ಲಿ ಹೋಗಿದೆ? ಒಂದಡಿ ಒತ್ತುವರಿಯಾಗಿದೆಯಾ ತೋರಿಸು. ನಾನು ಎಲ್ಲಿ ಹಸಿರು ಹಚ್ಚಿದ್ದೆನೋ ಅಲ್ಲೇ ಹಸಿರಿದೆ. ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಸ್ಟೇಡಿಯಂ ಇದೆ. ಧರ್ಮಾಂಬುಧಿ ಇದ್ದಲ್ಲಿ ಮೆಜೆಸ್ಟಿಕ್ ಬಸ್ ಸ್ಟ್ಯಾಂಡು. ಅಕ್ಕಿತಿಮ್ಮನಹಳ್ಳಿ ಕೆರೇಲಿ ಹಾಕಿ ಆಡ್ತಾರೆ. ಕೋರಮಂಗಲದ್ದರಲ್ಲಿ ನ್ಯಾಷನಲ್ ಗೇಮ್ಸಿಗೆ ಅಂತ ಮನೆ ಕಟ್ಟಿದರು. ನಮ್ಮದು ಉಳೀತಲ್ಲ!’ ಎಂದರು. ಉತ್ತರವಿರಲಿಲ್ಲ, ಈಗಲೂ ಇಲ್ಲ. ಆ ಬೇಲಿ ಬೀಳದಿದ್ದರೆ ಅಲ್ಲಿ ಇವತ್ತು ಹನ್ನೆರಡು ಅಂತಸ್ತಿನ ಅಪಾರ್ಟ್‌ಮೆಂಟು, ತಳದಲ್ಲಿ ಎರಡು ಮಹಡಿ ಕಾರು. ಅಣ್ಣನ ಮಾತು ಸರಿ. ಅವರು ಕಾದದ್ದು ಬಣ್ಣವನ್ನು, ಬಣ್ಣ ಉಳಿಯಿತು. ನಕ್ಷೆಯಲ್ಲಿ ಬಯಲಿಗೆಂದು ಒಂದು ಬಣ್ಣ ಇರಲಿಲ್ಲ, ಅದು ಅವರ ತಪ್ಪೇ? ಏನೂ ಮಾಡದೆ ಸುಮ್ಮನೆ ಬಿಟ್ಟ ಜಾಗಕ್ಕೆ ಬಜೆಟ್ಟಿನಲ್ಲಿ ಬಾಬತ್ತಿಲ್ಲ, ಉದ್ಘಾಟನೆಗೆ ಕಲ್ಲಿಲ್ಲ. ಹಾಗೆ ಸುಮ್ಮನೆ ಬಿಡುವುದಕ್ಕೂ ಒಂದು ಕಲಂ ಬೇಕಿತ್ತು ಎಂದು ನನಗೆ ಅನ್ನಿಸುತ್ತದೆ. ಅಣ್ಣನೊಡನೆ ವಾದಕ್ಕೆ ಕೂತಿದ್ದರೆ, ಅದಕ್ಕೆ ಯಾವ ಬಣ್ಣ ಹಚ್ಚಲಿ ಎಂದು ಕೇಳುತ್ತಿದ್ದರೇನೋ.

ಕೊನೆಯ ವರ್ಷಗಳಲ್ಲಿ ಅಣ್ಣ ದಿನಾ ಬೆಳಗ್ಗೆ ಅಲ್ಲೇ ಆರು ಸುತ್ತು ನಡೆಯುತ್ತಿದ್ದರು. ಸಿಮೆಂಟು ಬೆಂಚಿನ ಮೇಲೆ ಕೂತು ಬಫರ್ ಪುರಾಣ. 2007ರ ಮಾಸ್ಟರ್ ಪ್ಲಾನಿನಲ್ಲಿ ಕೆರೆಯ ಸುತ್ತ 30 ಮೀಟರ್ ಬಿಡಬೇಕೆಂದಿತ್ತು, ರಾಜಕಾಲುವೆಗಳಿಗೆ ಗಾತ್ರ ನೋಡಿ 50, 25, 15. ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಗೆ 75 ಮೀಟರ್ ಎಂದಿತು, 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿತು. ‘ನೋಡಮ್ಮ, ಮೂವತ್ತು ಇದ್ದದ್ದು ಎಪ್ಪತ್ತೈದಾಗಿ ಮತ್ತೆ ಮೂವತ್ತು. ಮಳೆಗೆ ಇದನ್ನೆಲ್ಲ ಯಾರು ಓದಿ ಹೇಳ್ತಾರೆ?’ ಎಂದು ನಗುತ್ತಿದ್ದರು. ಆ ವರ್ಷದ ಮಳೆಗಾಲ ಮುಗಿಯುವ ಮೊದಲೇ ಹೋದರು. ಆಸ್ಪತ್ರೆಯಲ್ಲಿ ಅವರ ಕೈ ಹಿಡಿದುಕೊಂಡಿದ್ದಾಗ ಉಗುರು ನೋಡಿದೆ. ಬಿಳಿಚಿಕೊಂಡು ಸ್ವಚ್ಛವಾಗಿತ್ತು.

ತವರುಮನೆ ಈಗ ನನ್ನ ಪಾಲಿಗೆ ಬಂದಿದೆ, ಅಲ್ಲೇ ಇದ್ದೇನೆ. ಹಬ್ಬಕ್ಕೆ ಗರಿಕೆ ಮಾರುಕಟ್ಟೆಯಿಂದ ತರುತ್ತೇವೆ. ರಬ್ಬರ್ ಬ್ಯಾಂಡ್ ಹಾಕಿದ ಕಟ್ಟು, ಬಿಚ್ಚಿದರೆ ಅರ್ಧ ಬಾಡಿರುತ್ತದೆ. ಕಳೆದ ಚೌತಿಗೆ ಅದನ್ನೂ ತರಲು ಮರೆತಿದ್ದೆವು. ನೆನಪಾದದ್ದು ಬೆಳಗಿನ ಜಾವ, ಮಂಟಪಕ್ಕೆ ಬಾಳೆಕಂದು ಕಟ್ಟುವಾಗ. ಅಮ್ಮನ ಬಿದಿರು ಬುಟ್ಟಿ ಅಟ್ಟದಿಂದ ಇಳಿಸಿಕೊಂಡು ಪಾರ್ಕಿಗೆ ಹೋದೆ. ಐದು ಗಂಟೆಗೆ ಇನ್ನೂ ಸಮಯವಿತ್ತು. ಗೇಟಿಗೆ ಬೀಗ, ಒಳಗೆ ದೀಪದ ಕೆಳಗೆ ಹಾಸಿದ ಹುಲ್ಲು ಪ್ಲಾಸ್ಟಿಕ್ಕಿನಂತೆ ಹೊಳೆಯುತ್ತಿತ್ತು. ಸರಳುಗಳ ನಡುವೆ ಕಣ್ಣು ಹಾಯಿಸಿ ಬಂಡೆಯ ಬುಡ ಎಲ್ಲಿದ್ದಿರಬಹುದೆಂದು ಲೆಕ್ಕ ಹಾಕುತ್ತಿದ್ದೆ.

‘ಏನ್ ಬೇಕಾಗಿತ್ರಿ ಅಮ್ಮಾರ?’ ಎಂದು ಕಾವಲುಗಾರ ಬಂದ. ಹೋದ ತಿಂಗಳಷ್ಟೇ ಸೇರಿದವನು, ರಾಯಚೂರಿನ ಕಡೆಯವನು.

‘ಗರಿಕೆ ಬೇಕಿತ್ತಪ್ಪ. ಪೂಜೆಗೆ.’

ಅವನಿಗೆ ಮೊದಲು ತಿಳಿಯಲಿಲ್ಲ. ಬೆರಳಲ್ಲಿ ಮೂರು ಎಸಳು ಮಾಡಿ ತೋರಿಸಿದೆ. ‘ಓ, ಕರಕಿ! ಒಳಗೆಲ್ಲಿ ಕರಕಿ ಬರತೈತ್ರಿ. ಬಂದ್ರ ಕಳೆ ಅಂತ ಕಿತ್ ಒಗೀತಾರ. ಬರ್ರಿ’ ಎಂದು ರಸ್ತೆಯ ಆಚೆ ಕರೆದೊಯ್ದ. ಟ್ರಾನ್ಸ್‌ಫಾರ್ಮರ್‌ನ ಕಟ್ಟೆಗೂ ಚರಂಡಿಗೂ ನಡುವೆ ಒಂದೂವರೆ ಅಡಿ ಮಣ್ಣು. ಅಲ್ಲಿ, ಹರಿದ ಹಾಲಿನ ಕವರುಗಳ ನಡುವೆ, ಇಬ್ಬನಿ ಹೊತ್ತುಕೊಂಡು ದಟ್ಟವಾಗಿ ಬೆಳೆದಿತ್ತು. ಅವನು ಮೊಬೈಲಿನ ಬೆಳಕು ಹಿಡಿದ. ನಾನು ಕುಕ್ಕರಗಾಲಲ್ಲಿ ಕೂತು ಕಿತ್ತೆ. ಇಪ್ಪತ್ತೊಂದು ಎಣಿಸುವಷ್ಟರಲ್ಲಿ ಸೀರೆಯ ಅಂಚು ನೆನೆದಿತ್ತು.

‘ನಮ್ಮೂರಾಗ ಹೊಲದ ಬದಕ್ಕ ಹೋದ್ರ ಬುಟ್ಟಿಗಟ್ಲೆ ಸಿಗತೈತ್ರಿ’ ಎಂದ ಅವನು. ‘ನಿಮ್ಮದ್ಯಾವೂರ್ರಿ ಅಮ್ಮಾರ?’

ನಾನು ಪಾರ್ಕಿನ ಕಡೆ ಕೈ ತೋರಿಸಿದೆ.

ಅವನು ಅತ್ತ ನೋಡಿ, ನನ್ನನ್ನು ನೋಡಿ, ಜೇಬಿನಿಂದ ಬೀಗದ ಕೈ ತೆಗೆದ. ಆಮೇಲೆ ಮೊಬೈಲಿನಲ್ಲಿ ಗಂಟೆ ನೋಡಿದ. ಐದಕ್ಕೆ ಇನ್ನೂ ಹತ್ತು ನಿಮಿಷ ಇತ್ತು.